ಬಿಸಿಲಿನ ಮನೆಯ ದ್ವಾರಪಾಲಕರು

ಕಳೆದ ಭಾನುವಾರ ಬೆಳಗಿನ ಕಾಫಿಯ ಹೊತ್ತಿಗೆ ನಮ್ಮ ಸೋದರಮಾವನವರು ದಯಮಾಡಿಸಿದರು. ಅವರು ಹೀಗೆ ಮುನ್ಸೂಚನೆಯಿಲ್ಲದೆ ಬಂದರೆಂದರೆ ಮನಸ್ಸಿನಲ್ಲಿ ಯಾವುದೋ ಪ್ರಶ್ನೆಯೊಂದು ಕುದಿಯುತ್ತಿದೆಯೆಂದೇ ಅರ್ಥ. ಈ ಸಲದ ಪ್ರಶ್ನೆ ಅವರ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಕುಳಿತಿತ್ತು: ಪತ್ರಿಕೆಯೊಂದರಿಂದ ಕತ್ತರಿಸಿದ ತುಣುಕು.

“ಏನಯ್ಯ, ತಾರಸಿಯ ಮೇಲೆ ಸೋಲಾರ್ ಹಾಕಿಸಬೇಕೆಂದು ಹಣ ತೆಗೆದಿರಿಸಿದ್ದೆನಲ್ಲ. ಈಗ ನೋಡಿದರೆ ಪೆರೋವ್‌ಸ್ಕೈಟ್ ಎಂಬುದೊಂದು ಬಂದಿದೆಯಂತೆ. ಸಿಲಿಕಾನಿಗಿಂತ ಅಗ್ಗವಂತೆ, ಗೋಡೆಗೆ ಬಣ್ಣ ಬಳಿದ ಹಾಗೆ ಬಳಿಯಬಹುದಂತೆ. ಈಗಲೇ ಹಾಕಿಸಲೋ, ಎರಡು ವರ್ಷ ಕಾಯಲೋ? ಇನ್ನೂ ಒಂದು ಮಾತು. ಇದರಲ್ಲಿ ‘ಸಾವಯವ ಪದರ’ ಎಂದು ಬರೆದಿದ್ದಾರೆ. ಸಾವಯವ ಬೆಲ್ಲ ಕೇಳಿದ್ದೇನೆ, ಸಾವಯವ ಅಕ್ಕಿ ಕೇಳಿದ್ದೇನೆ. ವಿದ್ಯುತ್ತನ್ನೂ ಸಗಣಿಗೊಬ್ಬರ ಹಾಕಿ ಬೆಳೆಸುತ್ತಾರೇನು?”

ಅಡಿಗೆಮನೆಯಿಂದ ನನ್ನಾಕೆಯ ನಗು ಕೇಳಿಸಿತು. ಆದರೆ ಮಾವನವರ ಎರಡನೆಯ ಪ್ರಶ್ನೆ ನಕ್ಕು ಬಿಡುವಂತಹುದಲ್ಲ. ಮೊದಲನೆಯ ಪ್ರಶ್ನೆಗೆ ಉತ್ತರ ಅದರೊಳಗೇ ಅಡಗಿದೆ. ಆ ಸಾವಯವ ಪದರ ಇಪ್ಪತ್ತೈದು ವರ್ಷ ಬಿಸಿಲಿನಲ್ಲಿ ಗಟ್ಟಿಯಾಗಿ ನಿಲ್ಲುವುದಾದರೆ ಕಾಯುವುದರಲ್ಲಿ ಅರ್ಥವಿದೆ; ನಿಲ್ಲದಿದ್ದರೆ ಆ ಹೊಸ ಪದಾರ್ಥ ಎಷ್ಟು ಸೊಗಸಾಗಿದ್ದರೂ ನಮ್ಮ ತಾರಸಿಗೆ ಬಾರದು. ಪತ್ರಿಕೆಗಳು ಪೆರೋವ್‌ಸ್ಕೈಟಿನ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿ, ಈ ಪದರದ ಮಾತನ್ನು ಕೊನೆಯ ಸಾಲಿಗೆ ತಳ್ಳಿಬಿಡುತ್ತವೆ. ಈ ವಾರ ನಾವು ಕೊನೆಯ ಸಾಲಿನಿಂದಲೇ ಪ್ರಾರಂಭಿಸೋಣ.

ಮೊದಲು ಶಬ್ದದ ವಿಚಾರ. ಅವಯವಗಳಿಂದ ಕೂಡಿದ್ದು ಸಾವಯವ. ಜೀವಿಗಳ ದೇಹದಲ್ಲಿ ಮಾತ್ರವೇ ಹುಟ್ಟಬಲ್ಲವೆಂದು ಹಿಂದಿನ ರಸಾಯನಜ್ಞರು ನಂಬಿದ್ದ ಪದಾರ್ಥಗಳಿಗೆ ಈ ಹೆಸರು ಸಂದಿತು. ೧೮೨೮ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಎಂಬಾತ ಪ್ರಾಣಿಯ ಹಂಗಿಲ್ಲದೆ, ಪ್ರಯೋಗಶಾಲೆಯ ಲವಣದಿಂದಲೇ ಯೂರಿಯವನ್ನು ತಯಾರಿಸಿದ. ನಂಬಿಕೆ ಸಡಿಲವಾಯಿತು, ಹೆಸರು ಮಾತ್ರ ಉಳಿದುಕೊಂಡಿತು. ಈಗ ರಸಾಯನಶಾಸ್ತ್ರದಲ್ಲಿ ಸಾವಯವವೆಂದರೆ ಇಂಗಾಲವೇ ಬೆನ್ನೆಲುಬಾಗಿ ಉಳ್ಳ ಪದಾರ್ಥ. ಸಕ್ಕರೆಯೂ ಸಾವಯವ, ಪ್ಲಾಸ್ಟಿಕ್ಕೂ ಸಾವಯವ, ಹೊಲಕ್ಕೆ ಸಿಂಪಡಿಸುವ ಕೀಟನಾಶಕಗಳಲ್ಲಿ ಬಹುಪಾಲೂ ಸಾವಯವ! ಅಂಗಡಿಯವನ ಸಾವಯವಕ್ಕೂ ರಸಾಯನಜ್ಞನ ಸಾವಯವಕ್ಕೂ ಈಗ ಮಾತುಕತೆಯಿಲ್ಲ.

ಇಂತಹ ಪದಾರ್ಥಗಳು ವಿದ್ಯುತ್ತನ್ನು ಹಾಯಗೊಡುವುದಿಲ್ಲವೆಂಬುದು ಲೋಕದ ಸಾಮಾನ್ಯ ತಿಳಿವಳಿಕೆ. ಹಾಗಿಲ್ಲದಿದ್ದರೆ ತಂತಿಗೆ ಪ್ಲಾಸ್ಟಿಕಿನ ಹೊದಿಕೆ ಏಕೆ ಹಾಕುತ್ತಿದ್ದರು? ಈ ತಿಳಿವಳಿಕೆಯನ್ನು ಅಲ್ಲಾಡಿಸಿದ್ದು ಒಂದು ತಪ್ಪು. ೧೯೬೭ರಲ್ಲಿ ಟೋಕಿಯೋದಲ್ಲಿ ಹಿಡೆಕಿ ಶಿರಕಾವ ಅವರ ಪ್ರಯೋಗಶಾಲೆಗೆ ಬಂದಿದ್ದ ಅತಿಥಿಯೊಬ್ಬರು, ಪಾಲಿಅಸಿಟಿಲೀನ್ ಎಂಬ ವಸ್ತುವನ್ನು ತಯಾರಿಸುವಾಗ ವೇಗವರ್ಧಕವನ್ನು ಹೇಳಿದ್ದಕ್ಕಿಂತ ಸಾವಿರ ಪಟ್ಟು ಹೆಚ್ಚಾಗಿ ಹಾಕಿಬಿಟ್ಟರು. ಕಪ್ಪು ಪುಡಿ ಬರಬೇಕಾಗಿದ್ದಲ್ಲಿ ಬೆಳ್ಳಿಯಂತೆ ಹೊಳೆಯುವ ಹಾಳೆ ಬಂದಿತು. ಹತ್ತು ವರ್ಷಗಳ ತರುವಾಯ, ೧೯೭೭ರಲ್ಲಿ, ಶಿರಕಾವ ಅವರು ಅಮೆರಿಕದ ಹೀಗರ್ ಮತ್ತು ಮ್ಯಾಕ್‌ಡಯರ್ಮಿಡ್ ಅವರೊಡನೆ ಸೇರಿ ಅದಕ್ಕೆ ಅಯೋಡಿನ್ ಆವಿಯನ್ನು ತಾಗಿಸಲು, ಅದರ ವಾಹಕಶಕ್ತಿ ಕೋಟಿ ಪಟ್ಟು ಏರಿತು. ೨೦೦೦ದಲ್ಲಿ ಮೂವರಿಗೂ ನೊಬೆಲ್ ಪಾರಿತೋಷಕ ಬಂದಿತು. ಅಂದಿನಿಂದ ಸಾವಯವವೂ ವಿದ್ಯುತ್ತಿಗೆ ದಾರಿ ಕೊಡಬಲ್ಲುದೆಂಬುದು ಸಿದ್ಧವಾಯಿತು.

ಇನ್ನು ಸೌರಕೋಶದ ಒಳಗೆ ನಡೆಯುವುದೇನೆಂಬುದನ್ನು ನೋಡೋಣ. ಬಿಸಿಲಿನ ಒಂದೊಂದು ಕಣವೂ ಸ್ಫಟಿಕದಲ್ಲಿ ನೆಮ್ಮದಿಯಾಗಿದ್ದ ಒಂದೊಂದು ಇಲೆಕ್ಟ್ರಾನನ್ನು ಎಬ್ಬಿಸಿ ಕಳುಹಿಸುತ್ತದೆ. ಎದ್ದುಹೋದ ಇಲೆಕ್ಟ್ರಾನಿನ ಜಾಗ ತೆರವಾಗುತ್ತದೆ. ಪಾಠಪುಸ್ತಕಗಳು ಇದನ್ನು ರಂಧ್ರವೆನ್ನುತ್ತವೆ. ನನಗೆ ‘ತೆರಪು’ ಎಂಬ ನಮ್ಮ ಹಳೆಯ ಮಾತೇ ಹಿತವೆನಿಸುತ್ತದೆ, ಏಕೆಂದರೆ ಇದು ಕೊರೆದ ತೂತಲ್ಲ. ಖಾಲಿ ಬಿದ್ದ ಸ್ಥಳ. ನ್ಯಾಯಬೆಲೆ ಅಂಗಡಿಯ ಮುಂದಿನ ಸಾಲನ್ನು ನೆನೆದುಕೊಳ್ಳಿ. ನಡುವಿನಿಂದ ಒಬ್ಬರು ಬೇಸತ್ತು ಹೊರಟುಹೋದರೆ ಹಿಂದಿನವರು ಒಂದು ಹೆಜ್ಜೆ ಮುಂದಿಡುತ್ತಾರೆ, ಅವರ ಹಿಂದಿನವರು ಇನ್ನೊಂದು ಹೆಜ್ಜೆ. ಜನ ಮುಂದೆ ಸರಿದಂತೆಲ್ಲ ತೆರಪು ಹಿಂದಕ್ಕೆ ಸರಿಯುತ್ತದೆ. ಜನ ನಡೆದರೆಂದರೂ ಸರಿಯೆ, ತೆರಪು ನಡೆಯಿತೆಂದರೂ ಸರಿಯೆ. ವಿಜ್ಞಾನಿಗಳು ಲೆಕ್ಕದ ಸೌಕರ್ಯಕ್ಕಾಗಿ ಎರಡನೆಯ ರೀತಿಯಲ್ಲಿ ಹೇಳುತ್ತಾರೆ.

ಇಲೆಕ್ಟ್ರಾನೂ ತೆರಪೂ ಒಂದೇ ಮನೆಯಲ್ಲಿ ಜೊತೆಯಾಗಿ ಹುಟ್ಟಿದವು. ಒಂದಕ್ಕೊಂದು ಎದುರಾದರೆ ಮತ್ತೆ ಕೂಡಿಬಿಡುತ್ತವೆ. ಕೂಡಿದರೆ ಬಿಸಿಲು ಕೊಟ್ಟ ಶಕ್ತಿ ನಮ್ಮ ಕೈಗೆ ಸಿಕ್ಕದೆ ಹೋಗುತ್ತದೆ. ಆದುದರಿಂದ ಅವು ಎದುರಾಗುವ ಮುನ್ನ ಒಂದನ್ನು ಮುಂಬಾಗಿಲಿನಿಂದಲೂ ಇನ್ನೊಂದನ್ನು ಹಿತ್ತಲ ಬಾಗಿಲಿನಿಂದಲೂ ಹೊರಗೆ ಕಳುಹಿಸಬೇಕು. ಎರಡು ಬಾಗಿಲುಗಳ ನಡುವೆ ಹೊರಗಿನಿಂದ ತಂತಿ ಜೋಡಿಸಿದರೆ, ಇಲೆಕ್ಟ್ರಾನು ಆ ದಾರಿಯಲ್ಲಿ ಸುತ್ತಿ ಬಂದು ತೆರಪನ್ನು ಸೇರುತ್ತದೆ. ದಾರಿಯಲ್ಲಿ ನಮ್ಮ ದೀಪ ಹತ್ತಿಸಿ, ಫ್ಯಾನು ತಿರುಗಿಸಿ ಬರುತ್ತದೆ. ವಿದ್ಯುತ್ತೆಂದರೆ ಇಷ್ಟೆ.

ಬಾಗಿಲಿದ್ದ ಮೇಲೆ ಕಾವಲು ಬೇಡವೆ? ಬೇಲೂರಿನ ಗುಡಿಯಲ್ಲಿ ಜಯವಿಜಯರು ನಿಂತಂತೆ, ಪೆರೋವ್‌ಸ್ಕೈಟ್ ಪದರದ ಈ ಮಗ್ಗುಲಲ್ಲಿ ಒಬ್ಬ, ಆ ಮಗ್ಗುಲಲ್ಲಿ ಒಬ್ಬ ದ್ವಾರಪಾಲಕ ನಿಲ್ಲುತ್ತಾನೆ. ಒಬ್ಬನು ಇಲೆಕ್ಟ್ರಾನುಗಳನ್ನು ಮಾತ್ರ ಹೊರಗೆ ಬಿಟ್ಟು ತೆರಪುಗಳನ್ನು ತಡೆಯುತ್ತಾನೆ. ಇನ್ನೊಬ್ಬನದು ಇದಕ್ಕೆ ತದ್ವಿರುದ್ಧವಾದ ಅಪ್ಪಣೆ. ಇವರೇ ಮಾವನವರ ತುಣುಕಿನಲ್ಲಿದ್ದ ಸಾವಯವ ಪದರಗಳು. ಇವರ ಹೊಸ್ತಿಲಿನ ಎತ್ತರವೂ ಮುಖ್ಯ. ಮನೆಯ ನೆಲಕ್ಕಿಂತ ಹೊಸ್ತಿಲು ತೀರ ತಗ್ಗಿನಲ್ಲಿದ್ದರೆ ಹೊರಗೆ ಬರುವ ಕಣ ಧೊಪ್ಪನೆ ಬಿದ್ದು ತನ್ನ ಶಕ್ತಿಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಹೊಸ್ತಿಲು ಎತ್ತರವಾದರೆ ಎಡವಿ ಒಳಗೇ ಉಳಿಯುತ್ತದೆ. ನೆಲಕ್ಕೆ ಸರಿಸಮನಾಗಿ, ಕೂದಲೆಳೆಯಷ್ಟು ತಗ್ಗಾಗಿ ಹೊಸ್ತಿಲನ್ನು ಕೂಡಿಸುವುದೇ ರಸಾಯನಜ್ಞನ ಕೌಶಲ. ಸಾವಯವ ಅಣುವಿನ ಸೊಗಸಿರುವುದು ಇಲ್ಲಿಯೇ. ಅದರ ತುದಿಗೆ ಒಂದು ಪರಮಾಣುಗುಚ್ಛವನ್ನು ಸೇರಿಸಿ ಅಥವಾ ತೆಗೆದು ಹೊಸ್ತಿಲನ್ನು ಬೇಕಾದಂತೆ ಏರಿಸಬಹುದು, ಇಳಿಸಬಹುದು.

ಈಗ ಮನೆಯ ಕಥೆ. ೧೮೩೯ ಒಂದು ವಿಚಿತ್ರ ಸಂವತ್ಸರ. ಆ ವರ್ಷ ಫ್ರಾನ್ಸಿನ ಹತ್ತೊಂಬತ್ತರ ತರುಣ ಎಡ್ಮಂಡ್ ಬೆಕರೆಲ್ ಬೆಳಕಿನಿಂದ ವಿದ್ಯುತ್ತು ಹುಟ್ಟುವುದನ್ನು ಕಂಡುಕೊಂಡ. ಅದೇ ವರ್ಷ ರಷ್ಯದ ಯೂರಲ್ ಪರ್ವತಗಳಲ್ಲಿ ದೊರೆತ ಒಂದು ಖನಿಜವನ್ನು ಗುಸ್ಟಾಫ್ ರೋಸೆ ಎಂಬ ಜರ್ಮನ್ ವಿದ್ವಾಂಸ ಪರೀಕ್ಷಿಸಿ, ಲೆವ್ ಪೆರೋವ್‌ಸ್ಕಿ ಎಂಬ ರಷ್ಯದ ಶ್ರೀಮಂತನ ಹೆಸರನ್ನು ಅದಕ್ಕಿಟ್ಟ. ಈ ಎರಡು ಎಳೆಗಳು ಒಂದಾಗಲು ನೂರೆಪ್ಪತ್ತು ವರ್ಷ ಬೇಕಾಯಿತು! ಆ ಖನಿಜದಲ್ಲಿದ್ದುದು ಕ್ಯಾಲ್ಸಿಯಂ, ಟೈಟಾನಿಯಂ ಮತ್ತು ಆಮ್ಲಜನಕ. ಅದೇ ಕಟ್ಟಡದ ನಕ್ಷೆಯಲ್ಲಿ ಬೇರೆ ಬೇರೆ ಪರಮಾಣುಗಳನ್ನು ಕೂಡಿಸಿ ಕಟ್ಟಿದ ವಸ್ತುಗಳಿಗೆಲ್ಲ ಈಗ ಪೆರೋವ್‌ಸ್ಕೈಟ್ ಎಂಬ ಕುಲನಾಮ. ಈ ಕುಲದ ಆಕ್ಸೈಡ್ ಶಾಖೆಯ ಮೇಲೆ ಬೆಂಗಳೂರಿನಲ್ಲಿ ನಮ್ಮ ಸಿ. ಎನ್. ಆರ್. ರಾಯರು ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಸೌರಕೋಶಕ್ಕೆ ಬಂದದ್ದು ಇನ್ನೊಂದು ಶಾಖೆ. ಅದರಲ್ಲಿ ಸೀಸ ಮತ್ತು ಅಯೋಡಿನ್ ಇರುತ್ತವೆ.

೨೦೦೯ರಲ್ಲಿ ಜಪಾನಿನ ಯೊಕೊಹಾಮದಲ್ಲಿ ತ್ಸುತೊಮು ಮಿಯಾಸಕ ಅವರೂ ಅವರ ಶಿಷ್ಯ ಅಕಿಹಿರೋ ಕೊಜಿಮ ಅವರೂ ಈ ಸೀಸದ ಪೆರೋವ್‌ಸ್ಕೈಟಿನಿಂದ ಸೌರಕೋಶವೊಂದನ್ನು ಮಾಡಿದರು. ಬಿದ್ದ ಬಿಸಿಲಿನ ಶೇಕಡ ೩.೮ ಭಾಗ ಮಾತ್ರ ವಿದ್ಯುತ್ತಾಯಿತು. ಅದಕ್ಕಿಂತ ದೊಡ್ಡ ಕೊರತೆ ಬೇರೆಯಿತ್ತು. ಅವರ ಕೋಶದಲ್ಲಿ ತೆರಪಿನ ದ್ವಾರಪಾಲಕನಾಗಿ ನಿಂತಿದ್ದುದು ಒಂದು ದ್ರವ; ಆ ದ್ರವದಲ್ಲಿ ಪೆರೋವ್‌ಸ್ಕೈಟು ಕರಗುತ್ತಿತ್ತು. ಕಾವಲುಗಾರನೇ ಮನೆಯನ್ನು ನುಂಗುವವನಾದರೆ ಸಂಸಾರ ಎಷ್ಟು ದಿನ? ೨೦೧೧ರಲ್ಲಿ ಕೊರಿಯದ ನಾಮ್-ಗ್ಯು ಪಾರ್ಕ್ ಅವರು ದಕ್ಷತೆಯನ್ನು ಶೇಕಡ ೬.೫ಕ್ಕೆ ಏರಿಸಿದರು, ಕೋಶವು ಮಾತ್ರ ಸುಮಾರು ಹತ್ತು ನಿಮಿಷಗಳಲ್ಲಿ ಸೊರಗಿತು. ಲೋಕ ಇದನ್ನು ಗಮನಿಸದೆ ಇದ್ದುದರಲ್ಲಿ ಆಶ್ಚರ್ಯವಿಲ್ಲ.

ಆ ದ್ರವದ ಬದಲಿಗೆ ಬಂದ ಘನ ದ್ವಾರಪಾಲಕನ ಹೆಸರು ಸ್ಪೈರೋ-ಓಮೆಟ್ಯಾಡ್. ನಾವು ಸ್ಪೈರೋ ಎಂದು ಕರೆದರೆ ಸಾಕು. ಇದನ್ನು ಪೆರೋವ್‌ಸ್ಕೈಟಿಗಾಗಿ ಸೃಷ್ಟಿಸಿದವರಿಲ್ಲ. ೧೯೯೮ರಲ್ಲಿ ಸ್ವಿಟ್ಸರ್ಲೆಂಡಿನ ಲೋಸಾನ್ನಿನಲ್ಲಿ ಮೈಕೇಲ್ ಗ್ರೆಟ್ಸೆಲ್, ಉಡೋ ಬಾಖ್ ಮುಂತಾದವರು ಬಣ್ಣ ಲೇಪಿಸಿದ ಬೇರೊಂದು ಬಗೆಯ ಸೌರಕೋಶದಲ್ಲಿ ಇದನ್ನು ಪ್ರಯೋಗಿಸಿದ್ದರು. ಅಲ್ಲಿ ದಕ್ಷತೆ ಶೇಕಡ ಒಂದನ್ನೂ ಮುಟ್ಟಲಿಲ್ಲ. ಹದಿನಾಲ್ಕು ವರ್ಷ, ಶ್ರೀರಾಮನ ವನವಾಸದಷ್ಟು ಕಾಲ, ತನಗೆ ತಕ್ಕ ಮನೆಯಿಲ್ಲದೆ ಅದು ಅಲೆಯಿತು. ೨೦೧೨ರಲ್ಲಿ ಪಾರ್ಕ್ ಮತ್ತು ಗ್ರೆಟ್ಸೆಲ್ ಒಂದುಗೂಡಿ ದ್ರವವನ್ನು ತೆಗೆದು ಸ್ಪೈರೋವನ್ನು ನಿಲ್ಲಿಸಿದರು: ದಕ್ಷತೆ ಶೇಕಡ ೯.೭, ಆಯುಸ್ಸು ಐನೂರು ಗಂಟೆಗಳನ್ನು ಮುಟ್ಟಿತು. ಅದೇ ವರ್ಷ ಆಕ್ಸ್‌ಫರ್ಡಿನ ಹೆನ್ರಿ ಸ್ನೇತ್ ಅವರ ತಂಡ, ಮಿಯಾಸಕರ ತಂಡದಿಂದ ವಿಧಾನವನ್ನು ಕಲಿತು, ಅದೇ ಸ್ಪೈರೋದೊಡನೆ ಶೇಕಡ ೧೦.೯ನ್ನು ಪಡೆಯಿತು. ಹತ್ತು ನಿಮಿಷವೆಲ್ಲಿ, ಐನೂರು ಗಂಟೆಯೆಲ್ಲಿ! ಮನೆ ಹಳೆಯದೇ, ಬದಲಾದದ್ದು ಬಾಗಿಲ ಕಾವಲು. ಪೆರೋವ್‌ಸ್ಕೈಟಿನ ಕೀರ್ತಿಯಲ್ಲಿ ಅರ್ಧ ಪಾಲು ಈ ಸಾವಯವ ಅಣುವಿಗೆ ಸಲ್ಲಬೇಕೆಂದು ನಾನು ಹೇಳುವುದು ಇದರಿಂದ.

ಸ್ಪೈರೋ ಅಣುವಿನ ಆಕಾರವನ್ನು ಸ್ವಲ್ಪ ನೋಡಬೇಕು. ಎರಡು ಚಪ್ಪಟೆಯಾದ ಭಾಗಗಳು ನಡುವಿನ ಒಂದೇ ಇಂಗಾಲದ ಪರಮಾಣುವಿನಲ್ಲಿ ಹೆಣೆದುಕೊಂಡು, ಒಂದು ಮಲಗಿದರೆ ಇನ್ನೊಂದು ನಿಂತಂತೆ, ಒಂದಕ್ಕೊಂದು ಅಡ್ಡವಾಗಿವೆ. ಇಂತಹ ಅಡ್ಡಾದಿಡ್ಡಿ ಅಣುಗಳು ಇಸ್ಪೀಟಿನ ಎಲೆಗಳಂತೆ ಒಂದರ ಮೇಲೊಂದು ಕೂಡಲಾರವು. ಆದುದರಿಂದ ಪದರ ಹರಳುಗಟ್ಟುವುದಿಲ್ಲ. ಗಾಜಿನಂತೆ ನಯವಾಗಿ, ಬಿರುಕಿಲ್ಲದೆ ಹರಡಿಕೊಳ್ಳುತ್ತದೆ. ಜಾಮೂನಿನ ಪಾಕ ಹರಳುಗಟ್ಟದಿರಲೆಂದು ನಮ್ಮ ಹೆಂಗಸರು ಎರಡು ತೊಟ್ಟು ನಿಂಬೆರಸ ಹಿಂಡುವುದಿಲ್ಲವೆ? ಅಲ್ಲಿ ನಿಂಬೆ ಮಾಡುವ ಉಪಕಾರವನ್ನು ಇಲ್ಲಿ ಅಣುವಿನ ಆಕಾರವೇ ಮಾಡುತ್ತದೆ.

ಆದರೆ ಹರಳುಗಟ್ಟದ ವಸ್ತುವಿನಲ್ಲಿ ಕಣಗಳಿಗೆ ರಾಜಮಾರ್ಗವಿಲ್ಲ. ಅವು ಅಣುವಿನಿಂದ ಅಣುವಿಗೆ ನೆಗೆಯುತ್ತ ಸಾಗಬೇಕು. ಮನೆಗೆ ಮಂಗಳೂರು ಹೆಂಚು ಹೊದಿಸುವಾಗ ಆಳುಗಳು ಸಾಲಾಗಿ ನಿಂತು ಹೆಂಚುಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರಷ್ಟೆ. ಆ ಸಾಲಿನಲ್ಲಿ ಪ್ರತಿಯೊಬ್ಬನ ಕೈಯಲ್ಲಿಯೂ ಆಗಲೇ ಒಂದೊಂದು ಹೆಂಚಿದ್ದರೆ ಕೆಲಸ ಸಾಗುವುದೆಂತು? ಕೆಲವರ ಕೈಯಾದರೂ ಖಾಲಿಯಿರಬೇಕು. ಶುದ್ಧವಾದ ಸ್ಪೈರೋ ಪದರದಲ್ಲಿ ಎಲ್ಲರ ಕೈಗಳೂ ತುಂಬಿವೆ, ವಿದ್ಯುತ್ತು ತೆವಳುತ್ತದೆ. ಆದುದರಿಂದ ಲಿಥಿಯಂ ಲವಣವೊಂದನ್ನು ಬೆರೆಸಿ, ಪದರವನ್ನು ಒಣಗಾಳಿಯಲ್ಲಿ ಒಂದು ರಾತ್ರಿ ಬಿಡುತ್ತಾರೆ. ಗಾಳಿಯ ಆಮ್ಲಜನಕ ಆ ಲವಣದ ನೆರವಿನಿಂದ ಕೆಲವು ಅಣುಗಳ ಕೈಯಿಂದ ಒಂದೊಂದು ಇಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತದೆ. ಕೈಗಳು ಖಾಲಿಯಾದುವು, ಸಾಲು ಚಲಿಸಿತು.

ಅನಿಷ್ಟ ಮೊದಲಾಗುವುದೂ ಇಲ್ಲಿಂದಲೇ. ಆಷಾಢದ ಮಳೆಯಲ್ಲಿ ಉಪ್ಪಿನ ಜಾಡಿಯ ಮುಚ್ಚಳ ತೆರೆದಿಟ್ಟರೆ ಏನಾಗುವುದೆಂದು ವಾಚಕರ ಮನೆಯಲ್ಲಿ ಎಲ್ಲರೂ ಬಲ್ಲರು. ಈ ಲಿಥಿಯಂ ಲವಣದ ನೀರಿನ ಹಸಿವೂ ಅಂತಹುದೇ. ಅದು ಗಾಳಿಯ ತೇವವನ್ನು ಎಳೆದು ತರುತ್ತದೆ. ಪೆರೋವ್‌ಸ್ಕೈಟಿಗೋ ನೀರೆಂದರೆ ಮೃತ್ಯು. ಲಿಥಿಯಂ ಒಂದೆಡೆ ನಿಲ್ಲದೆ ಪದರದಿಂದ ಪದರಕ್ಕೆ ಅಲೆಯುತ್ತದೆ. ಲವಣವನ್ನು ಸಮವಾಗಿ ಹರಡಲೆಂದು ಬೆರೆಸುವ ಇನ್ನೊಂದು ದ್ರವವು ಕಾಲಕ್ರಮದಲ್ಲಿ ಆವಿಯಾಗಿ ಹಾರಿಹೋಗುತ್ತದೆ. ಇಷ್ಟೂ ಸಾಲದೆಂಬಂತೆ, ಮೇಲೆ ಲೇಪಿಸಿದ ಚಿನ್ನ ಎಪ್ಪತ್ತು ಡಿಗ್ರಿ ಶಾಖದಲ್ಲಿ ಸ್ಪೈರೋವನ್ನು ದಾಟಿ ಪೆರೋವ್‌ಸ್ಕೈಟಿಗೇ ಇಳಿಯುವುದನ್ನು ೨೦೧೬ರಲ್ಲಿ ಲೋಸಾನ್ನಿನ ವಿಜ್ಞಾನಿಗಳು ಕಂಡರು. ಚೈತ್ರ ವೈಶಾಖಗಳಲ್ಲಿ ನಮ್ಮ ತಾರಸಿಯ ಸೌರಫಲಕ ಅರವತ್ತು ಡಿಗ್ರಿ ದಾಟುವುದು ಅಪರೂಪವೇನೂ ಅಲ್ಲ.

ಬೆಲೆಯ ಮಾತೂ ಇದೆ. ೨೦೧೬ರ ಸುಮಾರಿನಲ್ಲಿ ಉತ್ತಮ ಶುದ್ಧಿಯ ಸ್ಪೈರೋ ಚಿನ್ನಕ್ಕಿಂತ ಹಲವು ಪಟ್ಟು ದುಬಾರಿಯಾಗಿತ್ತು. ಒಂದು ಚದರ ಮೀಟರಿಗೆ ಬೇಕಾಗುವುದೇನೋ ಗ್ರಾಮಿನ ಐದನೆಯ ಒಂದು ಪಾಲಷ್ಟೆ. ಆದರೆ ಪ್ರಯೋಗಶಾಲೆಯಲ್ಲಿ ಗಾಜಿನ ಬಿಲ್ಲೆಯನ್ನು ಬುಗುರಿಯಂತೆ ತಿರುಗಿಸುತ್ತ ಹನಿ ಬೀಳಿಸುವ ಕ್ರಮದಲ್ಲಿ ಅಂಟುವುದಕ್ಕಿಂತ ಸಿಡಿದುಹೋಗುವುದೇ ಬಹಳ. ಅಗ್ಗದ ಮನೆಗೆ ಇಷ್ಟು ದುಬಾರಿಯ ಕಾವಲು ಸಲ್ಲದು.

ಹೀಗಾಗಿ ಬೇರೆ ದ್ವಾರಪಾಲಕರ ಶೋಧ ನಡೆಯಿತು, ಇಂದಿಗೂ ನಡೆಯುತ್ತಿದೆ. ೨೦೧೩ರಲ್ಲಿ ತೈವಾನಿನವರು ಮನೆಯನ್ನೇ ತಲೆಕೆಳಗು ಮಾಡಿದರು. ತೆರಪಿನ ಬಾಗಿಲನ್ನು ಕೆಳಗೆ, ಗಾಜಿನ ಕಡೆಗೆ ಇಟ್ಟು, ಇಲೆಕ್ಟ್ರಾನಿನ ಬಾಗಿಲನ್ನು ಮೇಲಕ್ಕೆ ತಂದರು. ಕೆಳಗೆ ಅವರು ಹರಡಿದ್ದು ಪೆಡಾಟ್ ಎಂಬ ವಾಹಕ ಪ್ಲಾಸ್ಟಿಕ್. ಫೋಟೋ ಫಿಲ್ಮುಗಳ ಮೇಲೆ ಸ್ಥಿರವಿದ್ಯುತ್ತು ಕೂಡದಂತೆ ಲೇಪಿಸುತ್ತಿದ್ದ ಪದಾರ್ಥ. ಅದರ ಆಮ್ಲಗುಣ ತಳದ ವಿದ್ಯುದ್ವಾರವನ್ನು ಕೊರೆಯುತ್ತದೆಯಾದುದರಿಂದ ಅದು ಬಹುಕಾಲ ನಿಲ್ಲಲಿಲ್ಲ. ತಲೆಕೆಳಗಾದ ಮನೆ ಮಾತ್ರ ನಿಂತಿತು.

ಈ ಮನೆಯ ಮೇಲಿನ ಬಾಗಿಲಿನಲ್ಲಿ ಸಾಮಾನ್ಯವಾಗಿ ನಿಲ್ಲುವವನು ಫುಲರೀನ್. ಅರವತ್ತು ಇಂಗಾಲದ ಪರಮಾಣುಗಳು ಕಾಲ್ಚೆಂಡಿನ ಹೊಲಿಗೆಯಂತೆ ಕೂಡಿ ಆದ ಟೊಳ್ಳು ಗೋಲ. ೧೯೮೫ರಲ್ಲಿ ಇದನ್ನು ಕಂಡ ಕ್ರೋಟೋ, ಕರ್ಲ್, ಸ್ಮಾಲಿ ಅವರಿಗೆ ೧೯೯೬ರಲ್ಲಿ ನೊಬೆಲ್ ಬಂದಿತು. ಇಲೆಕ್ಟ್ರಾನನ್ನು ಕಂಡರೆ ಫುಲರೀನಿಗೆ ಬಲು ಅಕ್ಕರೆ, ತಟಕ್ಕನೆ ಸೆಳೆದುಕೊಳ್ಳುತ್ತದೆ. ದೋಷವೆಂದರೆ ಪೆರೋವ್‌ಸ್ಕೈಟನ್ನು ಅದು ಮುಟ್ಟುವ ಗಡಿಯಲ್ಲಿಯೇ ಕಣಗಳು ಹಲವು ಸಿಕ್ಕಿಬಿದ್ದು ಕೂಡಿಹೋಗುತ್ತವೆ. ಇಂದಿನ ಶ್ರೇಷ್ಠ ಕೋಶಗಳಲ್ಲಿ ಸೋರಿಕೆಯ ದೊಡ್ಡ ಪಾಲು ಈ ಗಡಿಯಲ್ಲಿದೆ. ನಡುವೆ ಮತ್ತೊಂದು ತೀರ ತೆಳುವಾದ ಲೇಪ ಕೊಟ್ಟು ಅದನ್ನು ತಡೆಯುತ್ತಾರೆ.

ಕೆಳಗಿನ ಬಾಗಿಲಿನ ಕಥೆ ಇದಕ್ಕಿಂತ ಸ್ವಾರಸ್ಯವಾಗಿದೆ. ಲಿಥುವೇನಿಯ ಎಂಬ ಪುಟ್ಟ ದೇಶದ ಕೌನಸ್ ಪಟ್ಟಣದಲ್ಲಿ ವಿಟೌಟಸ್ ಗೆಟೌಟಿಸ್ ಎಂಬ ರಸಾಯನಶಾಸ್ತ್ರದ ಅಧ್ಯಾಪಕರಿದ್ದಾರೆ. ಅವರ ತಂಡ ಯೋಚಿಸಿದ ರೀತಿ ಇದು: ಬಾಗಿಲಿಗೆ ಇನ್ನೂರು ನ್ಯಾನೋಮೀಟರ್ ದಪ್ಪದ ಕಾವಲೇಕೆ? ಒಂದು ಸಾಲು ಅಣು ನಿಂತರೆ ಸಾಲದೆ? ಕಲ್ಲಿದ್ದಲಿನ ಟಾರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ದೊರೆತಿದ್ದ ಕಾರ್ಬಜೋಲ್ ಎಂಬ ಅಣುವನ್ನು ತೆಗೆದುಕೊಂಡು, ಅದಕ್ಕೆ ರಂಜಕದ ಆಮ್ಲದ ಒಂದು ಕಾಲನ್ನು ಜೋಡಿಸಿದರು. ಗಾಜಿನ ಮೇಲಿನ ವಾಹಕ ಲೇಪವನ್ನು ಈ ಕಾಲು ಭದ್ರವಾಗಿ ಕಚ್ಚಿ ಹಿಡಿಯುತ್ತದೆ. ತಲೆ ಮೇಲಕ್ಕೆ ಚಾಚಿಕೊಳ್ಳುತ್ತದೆ. ದ್ರಾವಣದಲ್ಲಿ ಗಾಜನ್ನು ಅದ್ದಿ ತೆಗೆದರೂ ಸಾಕು, ಅಣುಗಳು ಕವಾಯತಿನ ಸಿಪಾಯಿಗಳಂತೆ ತಾವೇ ಸಾಲುಗೂಡಿ ನಿಂತುಬಿಡುತ್ತವೆ. ದಪ್ಪ ಒಂದೆರಡು ನ್ಯಾನೋಮೀಟರ್, ಎಂದರೆ ತಲೆಗೂದಲಿನ ದಪ್ಪದ ಹತ್ತಾರು ಸಾವಿರದಲ್ಲಿ ಒಂದು ಪಾಲು. ದಾಟಬೇಕಾದ ದೂರ ಒಂದೇ ಅಣುವಿನಷ್ಟಾದುದರಿಂದ ಕೈಯಿಂದ ಕೈಗೆ ದಾಟಿಸುವ ಗೋಜಿಲ್ಲ. ಲಿಥಿಯಂ ಲವಣದ ಹಂಗಂತೂ ಇಲ್ಲವೇ ಇಲ್ಲ. ಒಂದು ಗ್ರಾಮಿನಲ್ಲಿ ಸುಮಾರು ಸಾವಿರ ಚದರ ಮೀಟರಿಗೆ ಸಾಲುತ್ತದೆಂದು ಲೆಕ್ಕ. ನಮ್ಮ ಬೀದಿಯ ಹತ್ತು ಮನೆಗಳ ತಾರಸಿಗೆ ಒಂದು ಚಿಟಿಕೆ!

೨೦೧೮ರಲ್ಲಿ ಇಂತಹ ಮೊದಲ ಅಣು ಬಂದಿತು. ೨೦೨೦ರಲ್ಲಿ ಬರ್ಲಿನ್ನಿನ ಸ್ಟೀವ್ ಆಲ್ಬ್ರೆಷ್ಟ್ ಅವರ ತಂಡ, ಕೌನಸಿನವರೊಡನೆ ಸೇರಿ, ಸಿಲಿಕಾನಿನ ಮೇಲೆ ಪೆರೋವ್‌ಸ್ಕೈಟನ್ನು ಕೂಡಿಸಿದ ಜೋಡಿಕೋಶದಲ್ಲಿ ಶೇಕಡ ೨೯.೧೫ ದಕ್ಷತೆಯನ್ನು ಕಂಡಿತು. ಜೋಡಿಕೋಶದ ಉಪಾಯ ಸರಳವಾದುದು. ಬಿಸಿಲಿನ ನೀಲಿ ಹಸಿರುಗಳನ್ನು ಮೇಲಿನ ಪೆರೋವ್‌ಸ್ಕೈಟ್ ಉಣ್ಣುತ್ತದೆ. ಅದು ಬಿಟ್ಟ ಕೆಂಪನ್ನೂ ಅವಕೆಂಪನ್ನೂ ಕೆಳಗಿನ ಸಿಲಿಕಾನ್ ಉಣ್ಣುತ್ತದೆ. ಒಂಟಿಯಾಗಿ ಯಾವ ಕೋಶವೂ ಮೀರಲಾರದ ಮೇರೆಯೊಂದುಂಟೆಂದು ೧೯೬೧ರಲ್ಲಿಯೇ ಶಾಕ್ಲಿ ಮತ್ತು ಕ್ವೈಸರ್ ಲೆಕ್ಕ ಹಾಕಿ ತೋರಿಸಿದ್ದರು; ಈಗಿನ ಲೆಕ್ಕದಂತೆ ಅದು ಶೇಕಡ ೩೩ರ ಸುಮಾರು. ಜೋಡಿಯಾದರೆ ಮೀರಬಹುದು; ಮೀರಿದ್ದೂ ಆಯಿತು. ೨೦೨೫ರ ಏಪ್ರಿಲಿನಲ್ಲಿ ಚೀನದ ಲಾಂಗಿ ಸಂಸ್ಥೆ ಪ್ರಕಟಿಸಿದ ಅಂಕಿ ಶೇಕಡ ೩೪.೮೫. 

ಈ ಏಕಾಣು ಪದರದಲ್ಲಿ ಕುಂದಿಲ್ಲವೆಂದಲ್ಲ. ಕೆಲವು ಅಣುಗಳ ತಲೆಗೆ ಪೆರೋವ್‌ಸ್ಕೈಟಿನ ದ್ರಾವಣ ಒಗ್ಗುವುದಿಲ್ಲ. ಕೆಸುವಿನೆಲೆಯ ಮೇಲಿನ ನೀರಿನಂತೆ ಅದು ಉರುಳಿಹೋಗುತ್ತದೆ. ಸಾಲಿನಲ್ಲಿ ಎಲ್ಲಿಯೋ ನಾಲ್ಕು ಸಿಪಾಯಿಗಳು ಗೈರುಹಾಜರಾದರೆ ಅಲ್ಲಿ ಕಳ್ಳಗಂಡಿ ಬೀಳುತ್ತದೆ. ದೀರ್ಘಕಾಲದ ಶಾಖದಲ್ಲಿ ಕೆಲವರ ಹಿಡಿತ ಸಡಿಲುತ್ತದೆ. ಅಂಗೈಯಗಲದ ಗಾಜಿನಲ್ಲಿ ಇದನ್ನೆಲ್ಲ ಸರಿಪಡಿಸಬಹುದು. ಬಾಗಿಲಿನ ಹಲಗೆಯಷ್ಟು ಅಗಲದ ಗಾಜಿನಲ್ಲಿ ಸರಿಪಡಿಸುವುದು ಬೇರೆಯೇ ವಿದ್ಯೆ.

ದಾಖಲೆಗಳ ವಿಷಯದಲ್ಲಿ ಮಾವನವರಿಗೆ ನಾನು ಹೇಳಿದ ಮಾತನ್ನು ಇಲ್ಲಿಯೂ ಹೇಳಿಬಿಡುತ್ತೇನೆ. ಶೇಕಡ ಮೂವತ್ತನ್ನು ಮೀರಿದ ಆ ಅಂಕಿಗಳಲ್ಲಿ ಹೆಚ್ಚಿನವು ಹೆಬ್ಬೆರಳಿನ ಉಗುರಿನಷ್ಟು, ಚದರ ಸೆಂಟಿಮೀಟರಿನ ಕೋಶಗಳಿಂದ ಬಂದವು. ಪತ್ರಿಕೆಗೆ ಬೇಕಾದುದು ದಕ್ಷತೆಯ ಅಂಕಿ. ಮನೆಯೊಡೆಯನಿಗೆ ಬೇಕಾದುದು ಆಯುಸ್ಸಿನ ಅಂಕಿ. ಫಲಕಗಳ ಪರೀಕ್ಷೆಗೆ ಒಂದು ಅಂತರರಾಷ್ಟ್ರೀಯ ನಿಯಮವಿದೆ: ೮೫ ಡಿಗ್ರಿ ಶಾಖ, ಶೇಕಡ ೮೫ ತೇವ, ಸಾವಿರ ಗಂಟೆ. ಇದರ ಜೊತೆಗೆ ಸೊನ್ನೆಯ ಕೆಳಗೆ ೪೦ ಡಿಗ್ರಿಯಿಂದ ಮೇಲೆ ೮೫ ಡಿಗ್ರಿಯವರೆಗೆ ಇನ್ನೂರು ಸಲ ಏರಿಸಿ ಇಳಿಸುವ ಇನ್ನೊಂದು ಶಿಕ್ಷೆ. ಸಿಲಿಕಾನಿನ ಫಲಕ ಇವನ್ನೆಲ್ಲ ಸಹಿಸಿ, ಇಪ್ಪತ್ತೈದು ವರ್ಷದ ಖಾತರಿಯೊಡನೆ ಬರುತ್ತದೆ. ೧೯೫೪ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಶೇಕಡ ಆರರಿಂದ ಹೊರಟ ಅದು ಏಳು ದಶಕ ಬಿಸಿಲು ಕಂಡ ಹಿರಿಯ. ಪೆರೋವ್‌ಸ್ಕೈಟಿನ ವಯಸ್ಸು ಇನ್ನೂ ಇಪ್ಪತ್ತಾಗಿಲ್ಲ. ಇಪ್ಪತ್ತೈದು ವರ್ಷ ತಾರಸಿಯ ಮೇಲಿದ್ದ ಒಂದು ಫಲಕವೂ ಪ್ರಪಂಚದಲ್ಲಿ ಇರಲು ಸಾಧ್ಯವಿಲ್ಲ. ಪ್ರಯೋಗಶಾಲೆಯ ಗಂಟೆಗಳಿಂದ ವರ್ಷಗಳನ್ನು ಊಹಿಸಬೇಕಷ್ಟೆ.

ಆದರೂ ಮಾರಾಟ ಪ್ರಾರಂಭವಾಗಿದೆ. ಸ್ನೇತ್ ಅವರ ಪ್ರಯತ್ನದಿಂದ ಹುಟ್ಟಿದ ಆಕ್ಸ್‌ಫರ್ಡ್ ಪಿವಿ ಸಂಸ್ಥೆ ಜರ್ಮನಿಯ ಬ್ರಾಂಡೆನ್‌ಬುರ್ಗಿನಲ್ಲಿ ತಯಾರಿಸಿದ ಜೋಡಿಫಲಕಗಳನ್ನು ೨೦೨೪ರ ಸೆಪ್ಟೆಂಬರಿನಲ್ಲಿ ಅಮೆರಿಕಕ್ಕೆ ಕಳುಹಿಸಿತು. ಇಡೀ ಫಲಕದ ದಕ್ಷತೆ ಶೇಕಡ ೨೪.೫. ಉಗುರಿನಗಲದ ೩೪ ಎಲ್ಲಿ, ಫಲಕದಗಲದ ೨೪.೫ ಎಲ್ಲಿ ಎಂದು ಮೂಗು ಮುರಿಯಬೇಕಾಗಿಲ್ಲ. ಅಂಗಡಿಗೆ ಬಂದ ೨೪.೫ ನನಗೆ ಹೆಚ್ಚು ಗೌರವಾರ್ಹವಾಗಿ ಕಾಣುತ್ತದೆ. ಆ ಫಲಕಗಳು ಈಗ ನಿಜವಾದ ಬಿಸಿಲಿನಲ್ಲಿ, ನಿಜವಾದ ಮಳೆಯಲ್ಲಿ ನಿಂತಿವೆ. ಅವು ಕೊಡುವ ವರದಿಯೇ ಸಾಚಾ ವರದಿ.

ಸೀಸದ ವಿಚಾರವನ್ನು ಮಾವನವರು ಕೇಳದೆ ಬಿಡಲಿಲ್ಲ. ಬೀದಿಯ ಮಕ್ಕಳು ಅವರ ತಾರಸಿಯ ಮೇಲೆಯೇ ಗಾಳಿಪಟ ಹಾರಿಸುವುದು. ಪದರ ಅರ್ಧ ಮೈಕ್ರಾನ್ ತೆಳುವಾದುದರಿಂದ ಚದರ ಮೀಟರಿಗೆ ಒಂದು ಗ್ರಾಮಿಗಿಂತಲೂ ಕಡಿಮೆ ಸೀಸವಿರುತ್ತದೆ. ಆದರೆ ಅದು ನೀರಿನಲ್ಲಿ ಕರಗುವ ರೂಪದ್ದು. ಗಾಜು ಒಡೆಯದಿರುವವರೆಗೆ ಅಪಾಯವಿಲ್ಲ. ಒಡೆದ ಫಲಕವನ್ನು ಹಿಂದಕ್ಕೆ ಪಡೆಯುವ ಏರ್ಪಾಡು ಫಲಕದೊಡನೆಯೇ ಬರಬೇಕು.

“ಹಾಗಾದರೆ ನಿನ್ನ ಜಯವಿಜಯರ ಮೇಲೆ ಇನ್ನೂ ಭರವಸೆ ಇಡುವ ಹಾಗಿಲ್ಲ ಅನ್ನು,” ಎಂದರು ಮಾವನವರು, ಎರಡನೆಯ ಲೋಟ ಕಾಫಿಯನ್ನು ಮುಗಿಸುತ್ತ.

“ಇಡುವ ಹಾಗಿಲ್ಲವೆಂದಲ್ಲ, ಮಾವ. ಅವರು ಇನ್ನೂ ಕೆಲಸಕ್ಕೆ ಹೊಸಬರು. ನಿಮ್ಮ ವಿದ್ಯುತ್ ಬಿಲ್ಲು ಮಾತ್ರ ಪ್ರತಿ ತಿಂಗಳೂ ಬರುತ್ತಿದೆಯಲ್ಲ.”

ಅವರು ತುಣುಕನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಜೇಬಿಗಿಳಿಸಿದರು. ಮೊನ್ನೆ ಗುರುವಾರ ಸಿಲಿಕಾನಿನವರು ಬಂದು ತಾರಸಿಯ ಅಳತೆ ತೆಗೆದುಕೊಂಡು ಹೋದರಂತೆ. ತೆಂಕಣ ಮೂಲೆಯಲ್ಲಿ ಎರಡು ಫಲಕಗಳಷ್ಟು ಜಾಗವನ್ನು ಖಾಲಿ ಬಿಡಿಸಿದ್ದಾರೆಂದು ಕೇಳಿ, ಪೆರೋವ್‌ಸ್ಕೈಟಿಗಾಗಿಯೋ ಎಂದು ವಿಚಾರಿಸಿದೆ. ಅಲ್ಲವಂತೆ. ಆ ಮೂಲೆಯ ಬಿಸಿಲು ತಮ್ಮ ಹಪ್ಪಳ ಸಂಡಿಗೆಗೆ ಬೇಕೆಂದು ಅತ್ತೆಯವರು ಹಟ ಹಿಡಿದರಂತೆ.